ಸಿಡುಕಪ್ಪನ ಸಹನೆಯ ಶನಿವಾರ

“ಸಂಜೆ ಅಭ್ಯಾಸಕ್ಕೆ ಬರೋವರೆಗೂ ಯಾರ ಮೇಲೂ ರೇಗಬೇಡ. ಹೊಡೆದವರಿಗೆ ಇನ್ನೊಂದು ಕೆನ್ನೆ ತೋರಿಸು. ನಾಳೆ ಆರಾಧನೇಲಿ ಒಬ್ಬನೇ ನಿಂತು ಹಾಡೋ ಅವಕಾಶ ನಿಂದೇ!”

ಪಾದ್ರಿಗಳು ಬೆಳಿಗ್ಗೆ ಹೀಗೆಂದದ್ದೇ ತಡ, ಬೋರ್ಡು ಬರೆಯುವ ಸಿಡುಕಪ್ಪ ಮನೆಗೆ ಓಡಿದ. ಹೆಸರು ಊರಿಟ್ಟದ್ದು, ಅರ್ಹತೆ ಅವನೇ ಗಳಿಸಿದ್ದು. ಗಾಯಕವೃಂದದ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ನಿಂತೂ ನಿಂತೂ ಅವನೂ ಒಂದು ಕಂಬವೇ ಆಗಿಬಿಟ್ಟಿದ್ದ.

ಸುದ್ದಿ ಕೇಳಿದ ಹೆಂಡತಿ ಆ ಕ್ಷಣವೇ ತವರಿಗೆ ಫೋನ್ ಹಚ್ಚಿದಳು. “ಅಮ್ಮಾ, ನಾಳೆ ಬಂದ್ಬಿಡು. ನಿನ್ನ ಅಳಿಯ ಒಬ್ಬರೇ ಹಾಡ್ತಾರೆ!” ಆಮೇಲೆ ಗಂಡನತ್ತ ತಿರುಗಿ, “ರೀ, ಬಾಯಿ ಭದ್ರ!” ಎಂದಳು.

ಬೀದಿಗಿಳಿದನೋ ಇಲ್ಲವೋ, ಮಹಡಿ ಮನೆಯಾಕೆ ನೆಲ ಒರೆಸಿ ಚೆಲ್ಲಿದ ನೀರು ನೇರ ನೆತ್ತಿಗೆ! ಸಿಡುಕಪ್ಪ ಕುಕ್ಕರಿನಂತೆ ಒಮ್ಮೆ ‘ಉಸ್’ ಎಂದ. “ಕ್ಷಮಿಸಿದೀನಿ ಅಕ್ಕಾ!”

ಬೈಗುಳ ಕಾದು ಕಿವಿ ಮುಚ್ಚಿಕೊಂಡಿದ್ದ ಆಕೆ ಕೈ ತೆಗೆದಳು. “ಅಯ್ಯೋ, ಇವರಿಗೇನು ಜ್ವರಾನಾ?”

ಆಕೆಯ ಬಾಯಿಯಿಂದ ಹೊರಟ ಸುದ್ದಿ ಅವನಿಗಿಂತ ಮೊದಲೇ ಬೋರ್ಡಿನ ಅಂಗಡಿ ತಲುಪಿತ್ತು. ಅಲ್ಲಿ ಬೆಣ್ಣೆ ಎಂಬಾತ ಕಾಯುತ್ತಿದ್ದ. ಮಾತು ನುಣುಪಾದ್ದರಿಂದ ಆ ಹೆಸರು. ಕೆಲಸದಲ್ಲೂ ಜೊತೆಗಾರ, ಗಾಯಕವೃಂದದಲ್ಲೂ ಜೊತೆಗಾರ. ಆ ಹಾಡಿನ ಮೇಲೆ ಅವನಿಗೂ ಕಣ್ಣು.

“ಅಣ್ಣಾ, ಇವತ್ತು ಬೈಯಲ್ವಂತೆ?” ಎನ್ನುತ್ತಲೇ ಬೆಣ್ಣೆ, ಸಿಡುಕಪ್ಪ ಒಣಗಲಿಟ್ಟಿದ್ದ ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ಅಂಗೈ ಎಳೆದ. ಬರೆದ ಹಲ್ಲೆಲ್ಲ ಹುಳುಕಾಯಿತು.

“ಕ್ಷ... ಕ್ಷಮಿಸಿದೀನಿ.”

“ಹೌದಾ!”

ಮುಂದೆ, ಸಿಡುಕಪ್ಪ ಏಣಿ ಹತ್ತಿದ್ದಾಗ ಏಣಿಯೇ ಮಾಯ. ಸೂರಿಗೆ ಬಾವಲಿಯಂತೆ ಜೋತುಬಿದ್ದು, “ಕ್ಷಮಿಸಿದೀನಿ ಕಣೋ, ಮೊದಲು ಇಳಿಸೋ!” ಎಂದು ಕೂಗಿಕೊಂಡ. ಇಳಿದವನ ಎಡಗೆನ್ನೆಗೆ ಬೆಣ್ಣೆ ಕೆಂಪು ಬಣ್ಣ ಬಳಿದ. “ಇನ್ನೊಂದು ಕೆನ್ನೆ ಅಣ್ಣಾ?” ಸಿಡುಕಪ್ಪ ಹಲ್ಲು ಕಚ್ಚಿ ತಿರುಗಿಸಿದ. ಅದಕ್ಕೆ ಹಸಿರು. ಹಳದಿಯೂ ಇದ್ದಿದ್ದರೆ ಸರ್ಕಲ್ಲಿನಲ್ಲಿ ನಿಲ್ಲಿಸಬಹುದಿತ್ತು.

ಸಂಜೆ ಅದೇ ಮುಖದಲ್ಲಿ ಚರ್ಚಿಗೆ ನುಗ್ಗಿದ. ಪಾದ್ರಿಗಳು ಎರಡು ಹೆಜ್ಜೆ ಹಿಂದೆ ಸರಿದರು.

“ಅಯ್ಯನವರೇ, ಗೆದ್ದೆ! ಒಬ್ಬರಿಗೂ ಬೈದಿಲ್ಲ!”

ಅಷ್ಟರಲ್ಲಿ ಬೆಣ್ಣೆ ಅವರ ಕಾಲಿಗೆ ಬಿದ್ದು ಗೊಳೋ ಎಂದ. “ಇವರನ್ನ ಈ ಗತಿಗೆ ತಂದಿದ್ದು ನಾನೇ! ಪಾಪಿ ನಾನು! ತಪ್ಪಾಯ್ತು!”

ಪಾದ್ರಿಗಳ ಕಣ್ಣು ತುಂಬಿತು. “ಒಬ್ಬ ಪಾಪಿ ಪಶ್ಚಾತ್ತಾಪಪಟ್ರೆ ಪರಲೋಕವೇ ಸಂಭ್ರಮಪಡತ್ತೆ. ನಾವು ಒಂದು ಹಾಡೂ ಕೊಡದಿದ್ರೆ ಹೇಗೆ? ನಾಳೆ ಇವನೇ ಹಾಡಲಿ. ನೀನು ಹೇಗೂ ಕ್ಷಮಿಸಿದೀಯಲ್ಲ!”

ಸಿಡುಕಪ್ಪನಿಗೆ ಥಟ್ಟನೆ ಹೊಳೆಯಿತು. ಓಹೋ, ಹಾಡಿಗೆ ಹೋಗುವ ದಾರಿ ಇದು! ಮೊದಲು ಪಾಪ, ಆಮೇಲೆ ಪಶ್ಚಾತ್ತಾಪ! ಪಕ್ಕದ ಹೂದಾನಿಯನ್ನೆತ್ತಿ ಹೂವು ಸಮೇತ ಬೆಣ್ಣೆಯ ತಲೆಗೆ ಸುರಿದ. ಇಡೀ ದಿನ ನುಂಗಿಕೊಂಡಿದ್ದ ಬೈಗುಳವನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಧೊಪ್ಪನೆ ಮಂಡಿಯೂರಿದ.

“ಅಯ್ಯನವರೇ, ನಾನು ಇವನಿಗಿಂತ ದೊಡ್ಡ ಪಾಪಿ! ಪಶ್ಚಾತ್ತಾಪ ಪಡ್ತಿದೀನಿ, ನೋಡಿ!”

ಬೆಣ್ಣೆ ಮೂಗಿನ ಮೇಲಿನ ಎಸಳು ತೆಗೆದ. ಕೈಮುಗಿದ. ಕರಗಿದ ದನಿಯಲ್ಲಿ ಹೇಳಿದ:

“ಕ್ಷಮಿಸಿದೀನಿ ಅಣ್ಣಾ.”

“ಆಹಾ! ಎಂಥಾ ಸಹನೆ!” ಪಾದ್ರಿಗಳು ಒದ್ದೆ ಬೆಣ್ಣೆಯನ್ನು ಬಾಚಿ ತಬ್ಬಿಕೊಂಡರು. “ನಾಳೆ ಒಂದಿನ ಯಾಕೆ, ಇನ್ಮೇಲೆ ಎಲ್ಲಾ ಭಾನುವಾರವೂ ನೀನೇ ಹಾಡಪ್ಪಾ!”

ಮಂಡಿಯೂರಿದ್ದ ಸಿಡುಕಪ್ಪನ ತಲೆಯನ್ನು ಮೆಲ್ಲಗೆ ಸವರಿದರು.

“ಇವನನ್ನ ನೋಡಿ ಕಲಿ, ಮಗು.”