ಒಂದು ತುದಿ ಸಡಿಲ

ನಮ್ಮ ಇಂಜಿನಿಯರು ಮಾಡಿದ ತಪ್ಪು ಇಷ್ಟೇ. ತಮ್ಮ ಮನೆ ಗೇಟಿನ ಮುಂದಿನ ಚರಂಡಿಗೆ ಕಬ್ಬಿಣದ ಹಲಗೆ ಹಾಸುವಾಗ ಶಾಸ್ತ್ರ ಬಿಡಲಿಲ್ಲ. ಒಂದು ತುದಿಗೆ ಬೋಲ್ಟ್ ಜಡಿದರು, ಇನ್ನೊಂದು ತುದಿಯನ್ನು ಕೊಳವೆ ತುಂಡಿನ ಮೇಲೆ ಸುಮ್ಮನೆ ಕೂರಿಸಿದರು. ಕಾಲಿಟ್ಟರೆ ಹಲಗೆ ಸ್ವಲ್ಪ ಅಲ್ಲಾಡುತ್ತಿತ್ತು.

ಅವತ್ತು ಮಧ್ಯಾಹ್ನ ಮೂರಕ್ಕೆ ಆಫೀಸಿನ ಸಾಹೇಬರು ಟೀಗೆ ಬರುವವರಿದ್ದರು. ಇಂಜಿನಿಯರ ಆರು ವರ್ಷದ ತಾತ್ಕಾಲಿಕ ಕೆಲಸ ಖಾಯಂ ಆಗಲು ಅವರದೊಂದು ಸಹಿ ಬಾಕಿ.

"ಅಲ್ಲ ಕಣಯ್ಯಾ, ಸಾಹೇಬರು ಜಾರಿ ಚರಂಡಿಗೆ ಬಿದ್ರೆ?" ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು.

"ಬೋಲ್ಟ್ ಇರೋ ತುದಿ ಜಾರಲ್ಲ ಮೇಷ್ಟ್ರೇ. ಕೊಳವೆ ಮೇಲಿರೋ ತುದಿ ಭಾರ ಹೊತ್ಕೊಂಡೇ ಒಂಚೂರು ಸರಿಯುತ್ತೆ, ಅಷ್ಟೆ. ಬಿಸಿಲಿಗೆ ಕಬ್ಬಿಣ ಹಿಗ್ಗೋಕೆ ಜಾಗ ಬೇಡ್ವೇ?"

"ಚಿಲಕ ಸಡಿಲ, ಕುರ್ಚಿ ಕಾಲು ಸಡಿಲ, ಕೆಲಸಾನೂ ಸಡಿಲ," ಎಂದಳು ಇಂಜಿನಿಯರ ಹೆಂಡತಿ. "ಈ ಮನೇಲಿ ಗಟ್ಟಿ ಅಂತ ಇರೋದು ನಾನೊಬ್ಬಳೇ."

ಇಂಜಿನಿಯರು ಸ್ನಾನಕ್ಕೆ ಹೋದದ್ದೇ ತಡ, ಮೇಷ್ಟ್ರು ಬೀದಿ ಕೊನೆಯ ವೆಲ್ಡರನ್ನು ಕರೆತಂದರು. ಅವನು ಎರಡೂ ತುದಿಗಳನ್ನು ಚರಂಡಿ ಅಂಚಿನ ಕಬ್ಬಿಣಕ್ಕೆ ಬೆಸೆದ. "ಇನ್ನು ಆನೆ ಕುಣಿದ್ರೂ ಅಲ್ಲಾಡಲ್ಲ ಬಿಡಿ," ಎಂದ.

ಅಲ್ಲಾಡಲಿಲ್ಲ, ನಿಜ. ಮೂರರ ಹೊತ್ತಿಗೆ ಬಿಸಿಲಿಗೆ ಉಬ್ಬಿ ಹೊಟ್ಟೆ ಬಂದವರ ಹಾಗೆ ನಿಂತಿತು. ಹೊರಗೆ ತೆರೆಯುವ ಗೇಟು ಅದಕ್ಕೆ ಸಿಕ್ಕಿಕೊಂಡಿತು. ಹೊರಗೆ ಸಾಹೇಬರು ಬೆವರುತ್ತಿದ್ದರು. ಮೇಷ್ಟ್ರು ಗೇಟು ಎಳೆದರು, ವೆಲ್ಡರು ಓಡಿಬಂದು ಹಲಗೆ ಒದ್ದು ಕುಂಟಿದ, ಒಳಗಿನಿಂದ ಹೆಂಡತಿ ನೂಕಿದಳು.

ಕಡೆಗೆ ಇಂಜಿನಿಯರೇ ಗೇಟಿನ ಮೇಲಿಂದ ನಾಲ್ಕು ಬಕೆಟ್ ತಣ್ಣೀರು ಸುರಿದರು. ಅರ್ಧ ಸಾಹೇಬರ ಬೂಟಿಗೆ ಹೋಯಿತು. ಉಳಿದರ್ಧಕ್ಕೆ ಹಲಗೆ ಇಳಿದು ಗೇಟು ತೆರೆಯಿತು.

"ಏನ್ರೀ ಇದು?" ಎಂದರು ಸಾಹೇಬರು.

ಇಂಜಿನಿಯರಿಗೆ ಹುರುಪು ಬಂತು. "ಎರಡೂ ತುದಿ ಬಿಗಿದರೆ ಹೀಗೇ ಸಾರ್, ಉಬ್ಬಿ ದಾರಿಗೆ ಅಡ್ಡ ನಿಲ್ಲುತ್ತೆ. ಒಂದು ತುದಿ ಸಡಿಲ ಬಿಟ್ಟು ನೋಡಿ, ಎಷ್ಟು ವರ್ಷ ಆದ್ರೂ ತೆಪ್ಪಗೆ ಭಾರ ಹೊರುತ್ತೆ."

ಸಾಹೇಬರು ಒಳಗೆ ಬಂದು ಕೂತು, ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಏನೋ ಹೊಳೆದು ಅದನ್ನು ಮತ್ತೆ ಜೇಬಿಗಿಟ್ಟರು.

"ಒಳ್ಳೇ ಹೊತ್ತಿಗೆ ಹೇಳಿದ್ರಿ. ಆರು ವರ್ಷದಿಂದ ನೀವೂ ತೆಪ್ಪಗೆ ಭಾರ ಹೊರ್ತಾ ಇದ್ದೀರಿ. ಗೊತ್ತಿಲ್ಲದೆ ಇವತ್ತು ನಾನೇ ವೆಲ್ಡ್ ಮಾಡಿಬಿಡ್ತಿದ್ದೆ."