ಗುಂಡಿ ಒತ್ತದ ಇಲಿಗಳು

ಚೊಲ್ಪೊನ್: ಮದ್ದು ಸರಿಯಾಗೇ ಇದೆ ಎಜೆ! ಕೆಟ್ಟಿರೋದು ಈ ಇಲಿಗಳು!

ಬುರುಲ್: ನನ್ನ ಇಲಿಗಳನ್ನ ಏನೂ ಅನ್ಬೇಡ. ಸೂಜಿ ಚುಚ್ಚಿದ್ರೂ ಒಂದಿನ ನಿನ್ನ ಕಚ್ಚಿದ್ದುಂಟಾ?

ಬಿಷ್ಕೆಕ್‌ನ ಆ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವವಳು ಬುರುಲ್. ತಾಯಿಯ ವಯಸ್ಸಿನವಳು, ಎಷ್ಟೇ ಸಿಟ್ಟು ಬಂದರೂ ಚೊಲ್ಪೊನ್ ಅವಳನ್ನು ಎಜೆ, ಅಂದರೆ ಅಕ್ಕ, ಅನ್ನಲೇಬೇಕು. ನಾಳೆ ನಿರ್ದೇಶಕರ ಮುಂದೆ ಇಲಿಗಳು ಗುಂಡಿ ಒತ್ತದಿದ್ದರೆ ಈ ಹುಡುಗಿಯ ಸಂಶೋಧನೆಗೆ ಅಲ್ಲಿಗೇ ಮಂಗಳ.

ಚೊಲ್ಪೊನ್: ದೀಪ ಹತ್ತಿದಾಗ ಗುಂಡಿ ಒತ್ತಿದ್ರೆ ಕಾಳು ಬೀಳತ್ತೆ ಅಂತ ಕಲಿಸಿದ್ದೀನಿ. ಮದ್ದು ಕೊಟ್ರೆ ಮಿದುಳಲ್ಲಿ ಡೋಪಮೀನ್ ಹೆಚ್ಚತ್ತೆ, ಆಸೆ ಕೆರಳತ್ತೆ, ಬಿಡದೆ ಒತ್ತಬೇಕು. ಇವು ನೋಡಿದ್ರೆ ಮೀಸೆ ಸವರ್ಕೊಂಡು ಕೂತಿವೆ!

ಬುರುಲ್: ಮದ್ದು ಕೊಡದೇ ಇರೋವು?

ಚೊಲ್ಪೊನ್: ಗೊರಕೆ ಹೊಡೀತಿವೆ! ಹೋದ ತಿಂಗಳು ಎಲ್ಲಾ ಎಷ್ಟು ಚೆನ್ನಾಗಿ ಒತ್ತುತ್ತಿದ್ವು!

ಬುರುಲ್: ಹೋದ ತಿಂಗಳು ನಾನು ಮಗಳ ಬಾಣಂತನಕ್ಕೆ ಹೋಗಿದ್ದೆ. ಪಾಪ, ನಾನಿಲ್ದೆ ಎಷ್ಟು ಕಷ್ಟಪಟ್ವೋ.

ಚೊಲ್ಪೊನ್ ತಟ್ಟನೆ ತಿರುಗಿದಳು.

ಚೊಲ್ಪೊನ್: ಎಜೆ, ಇವಕ್ಕೇನಾದ್ರೂ ತಿನ್ನಿಸಿದ್ರಾ? ಹಸಿದಿರ್ಬೇಕು ಅಂತ ಬಡ್ಕೊಂಡಿದ್ನಲ್ಲ!

ಬುರುಲ್: ನಿನ್ನಾಣೆ, ಒಂದು ಕಾಳು ಹಾಕಿಲ್ಲ. ಬರೀ ಹೊರಡುವಾಗ ಬಾಯಿಗಿಷ್ಟು ರೊಟ್ಟಿ.

ಚೊಲ್ಪೊನ್: ಹೊರಡುವಾಗಾ? ಎಲ್ಲಿಗೆ?

ಬುರುಲ್: ಗೂಡು ಬಿಟ್ಟು ನಿನ್ನ ಗುಂಡಿ ಪೆಟ್ಟಿಗೆಗೆ ಹೋಗಲ್ವಾ? ಮನೆಯಿಂದ ಹೊರಟವರನ್ನ ರೊಟ್ಟಿ ಮುಟ್ಟಿಸದೆ ಕಳಿಸೋದುಂಟಾ? ನಿಮ್ಮಮ್ಮ ಕಳಿಸ್ತಾಳಾ?

ಚೊಲ್ಪೊನ್: ಅವು ನೆಂಟರಲ್ಲ ಎಜೆ, ಇಲಿಗಳು!

ಬುರುಲ್: ಇಲಿಗೆ ಬಾಯಿಲ್ವಾ? ಕೆನೆ ಸವರಿ ಕೊಟ್ರೆ ಎರಡು ಕೈಯಲ್ಲಿ ಹಿಡ್ಕೊಂಡು ತಿಂತಾವೆ.

ಚೊಲ್ಪೊನ್: ಕೆನೆ ಬೇರೆ!

ಅವಳಿಗೆ ಅಳುವೇ ಬಂತು. ವಾರವಿಡೀ ಮದ್ದನ್ನು ಶಂಕಿಸಿದ್ದಳು, ದೀಪವನ್ನು ಶಂಕಿಸಿದ್ದಳು, ತನ್ನ ತಲೆಯನ್ನೇ ಶಂಕಿಸಿದ್ದಳು. ಕೆನೆಯ ಯೋಚನೆ ಯಾವ ಪುಣ್ಯಾತ್ಮನಿಗೆ ಬರಬೇಕು!

ಚೊಲ್ಪೊನ್: ನಾಳೆ ಒಂದು ಚೂರೂ ಕೊಡಕೂಡ್ದು. ಇದು ಬರೀ ರೂಢಿ ಎಜೆ. ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಬಿಡಬಹುದು.

ಬುರುಲ್: ಆಯ್ತಮ್ಮ, ಕೊಡಲ್ಲ. ಬರಿಬಾಯಲ್ಲಿ ಹೋಗ್ಲಿ. ಪಾಪ ನಿನಗೇ ಸುತ್ಕೊಳ್ಳತ್ತೆ.

ಚೊಲ್ಪೊನ್ ಕೋಟು ಎಳೆದುಕೊಂಡು, ದುಸುಮುಸು ಅನ್ನುತ್ತಾ ಬಾಗಿಲಿಗೆ ನಡೆದಳು. ಬುರುಲ್ ರೊಟ್ಟಿ ಮುಂದೆ ಹಿಡಿದಳು. ಚೊಲ್ಪೊನ್ ಅತ್ತ ನೋಡಲೂ ಇಲ್ಲ; ಚೂರು ಮುರಿದು ಬಾಯಿಗೆ ಹಾಕಿಕೊಂಡು ಹೊಸ್ತಿಲಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಬುರುಲ್: ದೀಪಾನೂ ಹತ್ತಿಲ್ಲ, ಮದ್ದೂ ಚುಚ್ಚಿಲ್ಲ. ಈಗ ಬೈ ನೋಡೋಣ ನನ್ನ ಇಲಿಗಳನ್ನ!