ಸದ್ದು ಮಾಡದ ಪಂಪು

ಪಂಪು ಮಾರುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಗಿರಾಕಿಯ ಹಿಂದೆಯೇ ಅಂಗಡಿ ಮೆಟ್ಟಿಲು ಹತ್ತಿ ಬರುತ್ತದೆ. ಸಿಂಧನೂರಿನಲ್ಲಿ ಇಪ್ಪತ್ತು ವರ್ಷದಿಂದ ಮೋಟರು, ಪಂಪು ಮಾರುತ್ತಿದ್ದೇನೆ. ಕಾಲುವೆಯಿಂದ ಗದ್ದೆಗೆ ನೀರೆತ್ತುವ ಯಾವ ಪಂಪೇ ಇರಲಿ, ಸದ್ದು ಕೇಳಿ ಅದರ ಜಾತಕ ಹೇಳಬಲ್ಲೆ. ಇದು ಜಂಬವಲ್ಲ, ಬೇಕಾದರೆ ಬಜಾರಿನಲ್ಲಿ ವಿಚಾರಿಸಿ. ಆದರೆ ಹೋದ ಬೇಸಿಗೆಯಲ್ಲಿ ಸದ್ದೇ ಮಾಡದ ಒಂದು ಪಂಪು ನನ್ನ ಇಪ್ಪತ್ತು ವರ್ಷದ ಹೆಸರನ್ನು ಪಣಕ್ಕೆ ಹಚ್ಚಿತು.

ಹತ್ತು ಎಚ್.ಪಿ. ಮನೆತನ

ಅಕ್ಕಿ ಗಿರಣಿಯ ಸಾವ್ಕಾರರು ಮನೆಯ ಹಿಂದೆ ಈಜುಕೊಳ ಕಟ್ಟಿಸಿ ನನ್ನನ್ನು ಕರೆಸಿದರು.

"ಹತ್ತು ಎಚ್.ಪಿ. ಮೋಟರ್ ಕೂಡಸು."

ನಮ್ಮ ಕಡೆ ಮೋಟರಿನ ಗಾತ್ರ ನೋಡಿಯೇ ಮನೆತನ ಅಳೆಯುವುದು ರೂಢಿ.

"ಅಷ್ಟು ಬ್ಯಾಡ್ರೀ," ಎಂದೆ. "ವೇಗ ಹೆಚ್ಚುಕಡಿಮಿ ಮಾಡೋ ಪಂಪು ಬಂದಾವು. ಒಂದೂವರಿ ಎಚ್.ಪಿ. ಸಾಕು. ಕಸ ಬಿದ್ದಾಗ ಜೋರ್ ಓಡಸ್ರಿ, ಉಳಿದ ಹೊತ್ತು ಸಾವಕಾಶ ತಿರುಗಲಿ. ನೀರು ತಿಳಿ ಆಕ್ಕೈತಿ, ಕರೆಂಟೂ ಕಮ್ಮಿ."

"ನೀರು ಎಲ್ಲಿಗೆ ಹೋಗ್ತೈತಿ?"

"ಎಲ್ಲಿಗೂ ಇಲ್ರೀ. ಸೋಸಿಕೊಂಡು ವಾಪಸ್ ಬರ್ತೈತಿ. ದಿನಾಪೂರ್ತಿ ಇಲ್ಲೇ ತಿರುಗಾಡ್ತೈತಿ."

ಸಾವ್ಕಾರರು ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ದಿನಾಪೂರ್ತಿ ಇಲ್ಲೇ ತಿರುಗಾಡಾಕ ನಮ್ಮ ಮನಿಅಳಿಯ ಒಬ್ಬ ಸಾಲಂಗಿಲ್ಲೇನು?"

ಸಂತೆಕಲ್ಲೂರು ದೇಶ

ಕಡೆಗೆ ಒಪ್ಪಿದರು, ಶರತ್ತಿನ ಮೇಲೆ. "ಲಿಂಗಸುಗೂರಿನಿಂದ ಬೀಗರು ಬರೋರು ಅದಾರ, ಅಳಿಯನ ಅಪ್ಪ. ಅವರೂ ಕೊಳ ಕಟ್ಟಸಾಕತ್ತಾರ. ಅವರ ಮುಂದ ನಿನ್ನ ಪಂಪು ಕೈಕೊಡ್ತಂದ್ರ, ನಿನ್ನ ಅಂಗಡಿ ಬೋರ್ಡು ನಾನ ಇಳಸ್ತೀನಿ."

ನಾನು ಹೆದರುವ ಪೈಕಿಯಲ್ಲ. ಆದರೆ ಮಾಲು ನೋಡದೆ ಮಾತು ಕೊಡುವವನೂ ಅಲ್ಲ. ಕಂಪನಿಯೊಂದರ ಮಾರಾಟಗಾರ ಬಂದಾಗ ಎದುರಿಗೆ ಕೂಡಿಸಿಕೊಂಡು ಕೇಳಿದೆ. ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತವೆ? ವೇಗ ಇಳಿಸಿದಾಗಲೂ ನೀರು ಸೋಸುತ್ತದೆಯೆ? ವೋಲ್ಟೇಜು ಕುಣಿದರೆ ತಡೆಯುತ್ತದೆಯೆ?

"ಸರ್, ಜರ್ಮನಿ, ದುಬೈ ಎಲ್ಲಾ ಕಡೆ ಓಡ್ತಾ ಇದೆ," ಎಂದ ಅವನು.

"ದುಬೈ ಇರಲಿ. ಮಸ್ಕಿ ದಾಟಿದ ಮ್ಯಾಲ ಸಂತೆಕಲ್ಲೂರು ಐತಿ. ಅಲ್ಲಿ ಬಲ್ಬು ಒಮ್ಮೆ ಹಣತಿ ಆಕ್ಕೈತಿ, ಒಮ್ಮೆ ಸೂರ್ಯ ಆಕ್ಕೈತಿ. ಅಲ್ಲಿ ತಡೀತೈತೇನು?"

ಅವನು ಗಂಭೀರವಾಗಿ ತನ್ನ ಪುಸ್ತಕವನ್ನು ಕೊನೆಯವರೆಗೂ ತಿರುವಿದ.

"ಇಲ್ಲ ಸರ್, ಆ ದೇಶಕ್ಕೆ ನಾವಿನ್ನೂ ಕಳಿಸಿಲ್ಲ."

ಗಂಗಮ್ಮ ಕಾಣಲಿಲ್ಲ

ಬೇರೆ ಕಂಪನಿಯ ಪಂಪು ತರಿಸಿದೆ. ಸಂತೆಕಲ್ಲೂರಿನಲ್ಲಿರುವ ನನ್ನ ತಮ್ಮನ ಮನೆಯ ತೊಟ್ಟಿಗೆ ಹಚ್ಚಿ ಮೂರು ದಿನ ಓಡಿಸಿದೆ. ಜಗ್ಗಲಿಲ್ಲ. ಆಮೇಲೆಯೇ ಸಾವ್ಕಾರರ ಮನೆಗೆ ಕೂಡಿಸಿದ್ದು.

ಹೊಸ ಪಂಪು ಚಾಲೂ ಮಾಡಿದಾಗ ಪೈಪಿನ ಬಾಯಿಂದ ಧುಮುಕುವ ಮೊದಲ ನೀರಿಗೆ ಅರಿಶಿನ ಕುಂಕುಮ ಏರಿಸಿ ಕಾಯಿ ಒಡೆಯುವುದು ನಮ್ಮ ಪದ್ಧತಿ. ಸಾವ್ಕಾರರ ತಾಯಿ ಪೂಜೆಯ ತಟ್ಟೆ ಹಿಡಿದು ನಿಂತರು. ನಾನು ಗುಂಡಿ ಒತ್ತಿದೆ. ಪಂಪು ಉಸಿರು ಕೂಡ ಕೇಳಿಸದಂತೆ ತಿರುಗಿತು. ಕೊಳದ ಪೈಪಿನ ಬಾಯಿ ಇರುವುದು ನೀರಿನ ಒಳಗೆ, ಹೊರಗೆ ಏನೂ ಕಾಣಲಿಲ್ಲ.

"ಚಾಲೂ ಆತೇನೋ?"

"ಆಗೈತ್ರೀ ಅವ್ವಾರ."

"ಮತ್ತ ನೀರು?"

"ಒಳಗ ಬರಾಕತ್ತೈತ್ರೀ."

ಮುದುಕಿ ಕಾಲು ಗಂಟೆ ಕಾದರು. ಆಮೇಲೆ, ತುಂಬಿ ತುಳುಕುವ ಕೊಳದ ದಂಡೆಯ ಮೇಲೆಯೇ ನಿಂತು ಮಗನ ಬೆನ್ನು ಸವರಿದರು.

"ಮನಸಿಗೆ ಹಚ್ಕೋಬ್ಯಾಡಪ್ಪ. ಬೋರು ಅಂದ ಮ್ಯಾಲ ಫೇಲ್ ಆಕ್ಕಾವು. ಅಂಗೈಯಾಗ ಟೆಂಗಿನಕಾಯಿ ಇಟಗೊಂಡು ನೀರು ನೋಡ್ತಾನಲ್ಲ, ಅವನ್ನ ಕರಸು. ಇನ್ನೊಂದು ಪಾಯಿಂಟ್ ತೋರಸ್ತಾನ."

ಬೀಗರು ಬಂದರು

ಬೀಗರು ಬಂದ ಮರುದಿನ ನನಗೆ ಕರೆ ಬಂತು. ಕೊಳದ ನೀರು ತಳದ ಟೈಲ್ಸು ಎಣಿಸುವಷ್ಟು ತಿಳಿಯಾಗಿತ್ತು, ಹಾಗಾಗಿ ಮೀಸೆ ತಿರುವಿಕೊಂಡೇ ಹೊರಟೆ. ಗೇಟಿನ ಹತ್ತಿರ ಬರುತ್ತಲೇ ಧಡ ಧಡ ಎಂಬ ಸದ್ದು ಕೇಳಿತು. ಪಂಪು ಕೆಟ್ಟಿದೆ, ನನ್ನ ಬೋರ್ಡು ಇಳಿಯಿತು ಎಂದುಕೊಂಡು ಹಿತ್ತಿಲಿಗೆ ಓಡಿದೆ.

ಬೀಗರು ದಂಡೆಯ ಮೇಲೆ ನಿಂತು ತಲೆದೂಗುತ್ತಿದ್ದರು. "ಮೋಟರ್ ಅಂದ್ರ ಇದು ನೋಡ್ರಿ! ಏನ್ ಆವಾಜ್!"

ಪಂಪಿನ ಕೋಣೆಗೆ ನುಗ್ಗಿದೆ. ಮೂಲೆಯಲ್ಲಿ ನನ್ನ ಪಂಪು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅದರ ಪಕ್ಕದಲ್ಲಿ ಗಿರಣಿಯ ಹಳೇ ಮೋಟರು, ಯಾವ ಪೈಪೂ ಇಲ್ಲದೆ ಅರಚುತ್ತಿತ್ತು. ಅದರ ಸ್ವಿಚ್ಚಿನ ಹತ್ತಿರ ಸ್ಟೂಲು ಹಾಕಿಕೊಂಡು ಅಳಿಯ ಕುಂತಿದ್ದ. ಆ ಮನೆ ಸೇರಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಅದು.

ಸಾವ್ಕಾರರು ಹಿಂದೆಯೇ ಬಂದು ನನ್ನ ಕಿವಿಯಲ್ಲಿ ಹೇಳಿದರು: "ನಿನ್ನಿ ಬೀಗರು ಕಿವಿ ಇಟ್ಟು ಕೇಳಿ, 'ಬಂದ್ ಐತಲ್ರೀ' ಅಂದಬಿಟ್ರು. ಮರ್ಯಾದಿ ಪ್ರಶ್ನಿ, ಏನ್ ಮಾಡ್ಲಿ?"

ನನಗೆ ಸಿಟ್ಟು ಬಂತು. ನನ್ನ ಮಾಲಿಗೆ ಇನ್ನೊಂದು ಮೋಟರಿನ ಗಂಟಲು ಬೇಕಿಲ್ಲ. ಹಳೆಯದನ್ನು ಆರಿಸಿದೆ. ಬೀಗರ ಕೈ ಹಿಡಿದು ಕೊಳದ ದಂಡೆಗೆ ಕೂಡಿಸಿ, ಅಂಗೈಯನ್ನು ನೀರೊಳಗಿನ ಪೈಪಿನ ಬಾಯಿಗೆ ಒಡ್ಡಿಸಿದೆ. ನೀರು ಅವರ ಕೈಯನ್ನು ದೂಡಿತು. ಅವರು ಎದ್ದು ಒಳಗೆ ಹೋಗಿ ಎರಡೂ ಮೋಟರುಗಳನ್ನು ಸುತ್ತು ಹಾಕಿ ನೋಡಿದರು. ಸಾವ್ಕಾರರು ನೆಲ ನೋಡುತ್ತ ನಿಂತರು.

"ಬಾಯಿ ಬಿಡದನ ಎಷ್ಟು ದುಡೀತೈತಿ ಇದು! ನನಗೂ ಇಂಥಾದ್ದ ಕೂಡಸು," ಎಂದರು ಬೀಗರು.

ಹೆಸರು ಉಳಿಯಿತು. ಹಿಗ್ಗಿನಿಂದ ಆರ್ಡರ್ ಪುಸ್ತಕ ತೆಗೆದೆ.

"ಆ ಧಡ ಧಡ ಅನ್ನೋದೂ ಒಂದಿರಲಿ," ಎಂದರು.

"ಅದ್ಯಾಕ್ರೀ?"

"ಇದು ನೀರಿಗೆ. ಅದು, ಈ ಬೀಗರು ನಮ್ಮ ಮನಿಗೆ ಬಂದಾಗ."